ನೂರಕ್ಕೊಂದು ಹಾಳೆ ತಪ್ಪಿದರೆ

ಬೇಲೂರು, ಹಳೇಬೀಡಿನ ಗುಡಿಗಳ ಮೇಲೆ ಒಂದು ಕೈಹೊತ್ತಿಗೆ. ಡೆಮಿ 1/8, 32 ಪುಟ, 70 ಜಿಎಸ್‌ಎಂ ಮ್ಯಾಪ್ಲಿತೊ, 1000 ಪ್ರತಿ. ಕನ್ನಡ ಪುಸ್ತಕದ ಎರಡನೇ ಪುಟದ ಮೇಲೆ ಕಣ್ಣಾಡಿಸಿದವರಿಗೆಲ್ಲ ಇವು ಪರಿಚಯದ ಮಾತುಗಳು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಇಂಥದ್ದೊಂದನ್ನು ಬರೆಯುವ ಆಸೆ ಯಾರಿಗಾದರೂ ಬಂದೀತು. ಅದನ್ನು ಅರಸೀಕೆರೆಯಲ್ಲಿ, ಕೈಯಿಂದ ಹಾಳೆ ಕೊಡುವ ಒಂದು ಬಣ್ಣದ ಸಣ್ಣ ಆಫ್‌ಸೆಟ್ ಯಂತ್ರದ ಮೇಲೆ ಅಚ್ಚು ಹಾಕಿಸುತ್ತೀರಿ ಎಂದುಕೊಳ್ಳಿ. ಎಷ್ಟು ಹಾಳೆ, ಎಷ್ಟು ಹೊತ್ತು, ಎಷ್ಟು ಹಣ?

ಮೊದಲು ಕಾಗದ. ಡಬಲ್ ಡೆಮಿ ಹಾಳೆ 23×36 ಇಂಚು, ಅಂದರೆ 0.534 ಚದರ ಮೀಟರ್. 70 ಜಿಎಸ್‌ಎಂನಲ್ಲಿ ಒಂದು ಹಾಳೆ 37.4 ಗ್ರಾಂ, 500 ಹಾಳೆಯ ರೀಮು 18.7 ಕೆಜಿ. ಒಂದು ಹಾಳೆಯಲ್ಲಿ ಸರಿಯಾಗಿ 32 ಪುಟ ಕೂರುತ್ತದೆ. ಹಾಗಾಗಿ ಸಾವಿರ ಪ್ರತಿಗೆ ಎರಡು ರೀಮು, 37.4 ಕೆಜಿ. ಸಣ್ಣ ಯಂತ್ರಕ್ಕೆ ಇದನ್ನು ನಡುವೆ ಕತ್ತರಿಸಿದರೆ 18×23 ಇಂಚಿನ 2000 ಡೆಮಿ ಹಾಳೆ. ಒಂದೊಂದರಲ್ಲಿ 16 ಪುಟ, ಪ್ರತಿಯೊಂದಕ್ಕೂ ಎರಡು ಮಗ್ಗುಲು. ಒಟ್ಟು ನಾಲ್ಕು ಪ್ಲೇಟು, 4000 ಇಂಪ್ರೆಷನ್.

ಈ 4000ವನ್ನು ಒಬ್ಬರ ಕೈ ಒಂದೊಂದಾಗಿ ಎತ್ತಿ ಕೊಡಬೇಕು. ಗಂಟೆಗೆ 1000ದಂತೆ ಕೊಟ್ಟರೆ ನಾಲ್ಕು ಗಂಟೆ, 3.6 ಸೆಕೆಂಡಿಗೆ ಒಂದು ಹಾಳೆ. ಅಷ್ಟರಲ್ಲಿ ಮೇಲಿನ ಹಾಳೆಯನ್ನು ಬೆರಳಿನಿಂದ ಬಿಡಿಸಿ, ಅದರ ಕೆಳಗೆ ಗಾಳಿ ಸೇರಿಸಿ, ಎರಡು ಒಟ್ಟಿಗೆ ಬಂದಿಲ್ಲ ಎಂದು ಬೆರಳಲ್ಲೇ ತಿಳಿದುಕೊಂಡು ಮುಂದಿನ ತಡೆಗೆ ತಾಗಿಸಬೇಕು. ಸಂಜೆಯ ಹೊತ್ತಿಗೆ ಆ ಕೈ ಎತ್ತಿಟ್ಟ ಕಾಗದ 74.8 ಕೆಜಿ, ಮುಕ್ಕಾಲು ಕ್ವಿಂಟಲ್.

ಟ್ರೆಡಲ್ ಯಂತ್ರಕ್ಕೂ ಹಾಳೆ ಕೊಡುವುದು ಕೈಯೇ. ಆದರೆ ಅಲ್ಲಿ ತಟ್ಟೆ ಬಾಯಿ ತೆರೆದು ಮುಚ್ಚುತ್ತದೆ, ಹಾಳೆ ಇಡಲು ಒಂದು ಕ್ಷಣದ ಬಿಡುವಿರುತ್ತದೆ. ನಮ್ಮ ಆಫ್‌ಸೆಟ್ ಯಂತ್ರ ರೋಟರಿ, ಅದರಲ್ಲಿ ಹಿಂದಕ್ಕೂ ಮುಂದಕ್ಕೂ ಬಡಿದಾಡುವ ಭಾರವಿಲ್ಲ, ಮೂರು ಉರುಳೆಗಳು ಒಂದೇ ಸಮನೆ ಸುತ್ತುತ್ತಿರುತ್ತವೆ. ಪ್ಲೇಟಿನ ಉರುಳೆ ಮೊದಲು ನೀರಿನ ರೋಲರ್, ಆಮೇಲೆ ಇಂಕಿನ ರೋಲರ್ ಮುಟ್ಟುತ್ತದೆ. ಖಾಲಿ ಜಾಗ ನೀರು ಹಿಡಿದು ಇಂಕನ್ನು ದೂರವಿಡುತ್ತದೆ, ಅಕ್ಷರವಿರುವ ಜಾಗ ಇಂಕು ಹಿಡಿಯುತ್ತದೆ. ಆ ಅಕ್ಷರ ರಬ್ಬರ್ ಬ್ಲಾಂಕೆಟ್ಟಿನ ಮೇಲೆ ಎಡಬಲ ಅದಲುಬದಲಾಗಿ ಇಳಿದು, ಅಲ್ಲಿಂದ ಕಾಗದಕ್ಕೆ ನೇರವಾಗಿ ಬರುತ್ತದೆ. ಕಾಗದವನ್ನು ಹೊತ್ತು ತರುವುದು ಮೂರನೆಯ ಉರುಳೆ, ಅದರ ಗ್ರಿಪ್ಪರ್ ಸುತ್ತಿಗೊಮ್ಮೆ ಬಾಯಿ ತೆರೆಯುತ್ತದೆ. ಹಾಳೆ ಆ ಹೊತ್ತಿಗೆ ಅಲ್ಲಿರಬೇಕು, ಉರುಳೆ ಕಾಯುವುದಿಲ್ಲ.

ಎಣ್ಣೆ-ನೀರಿನ ಈ ವಿದ್ಯೆ ಕನ್ನಡಕ್ಕೆ ಹಳೆಯದೇ. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆದದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಿನ ಮೇಲೆ ಬರೆದು ಒತ್ತಿದ ಪತ್ರಿಕೆ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ತಗಡು ಬಂದು, ನಡುವೆ ರಬ್ಬರ್ ಸೇರಿದರೆ ಆಫ್‌ಸೆಟ್. ಆ ರಬ್ಬರ್ ಸೇರಿದ ಕಥೆಯಲ್ಲೂ ಹಾಳೆ ಕೊಡುವ ಕೈಯೇ ಇದೆ. 1904ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಅವರ ಯಂತ್ರಕ್ಕೆ ಒಂದು ಸುತ್ತು ಹಾಳೆ ಕೊಡುವುದು ತಪ್ಪಿತು. ಅಚ್ಚು ಒತ್ತುವ ಉರುಳೆಯ ರಬ್ಬರ್ ಮೇಲೆ ಬಿತ್ತು, ಮುಂದಿನ ಹಾಳೆಯ ಬೆನ್ನಿಗೆ ಅಂಟಿತು. ಬೆನ್ನಿನ ಅಚ್ಚೇ ಮುಖದ ಅಚ್ಚಿಗಿಂತ ತಿಳಿಯಾಗಿತ್ತು. ಡಬ್ಬಿಯ ತಗಡಿನ ಮೇಲೆ ಹೀಗೆ ನಡುವಿನ ಉರುಳೆಯ ಮೂಲಕ ಒತ್ತುವುದು ಇಂಗ್ಲೆಂಡಿನಲ್ಲಿ 1875ರಿಂದಲೇ ಇತ್ತು. ಅದು ಕಾಗದಕ್ಕೆ ಬಂದದ್ದು ತಪ್ಪಿದ ಒಂದು ಹಾಳೆಯಿಂದ.

ನಮ್ಮ ಹೊತ್ತಿಗೆಯಲ್ಲಿ ಮಾತ್ರ ತಪ್ಪಿದ ಹಾಳೆ ನಷ್ಟವೇ. ಒಳಪುಟದ ಹಾಳೆ ಎರಡು ಸಲ ಯಂತ್ರಕ್ಕೆ ಹೋಗುತ್ತದೆ. ನೂರಕ್ಕೊಂದು ತಪ್ಪಿದರೂ ಎರಡು ಮಗ್ಗುಲು ಸೇರಿ ನೂರಕ್ಕೆ ಎರಡು, ಅಂದರೆ 2000ದಲ್ಲಿ 40 ಹಾಳೆ, ಮುಕ್ಕಾಲು ಕೆಜಿ. ಇದನ್ನು ತಡೆದುಕೊಳ್ಳಬಹುದು. ಕಷ್ಟವೆಲ್ಲ ರಕ್ಷಾಪುಟದ್ದು.

ನಾಲ್ಕು ಬಣ್ಣದ ರಕ್ಷಾಪುಟವನ್ನು ಒಂದು ಬಣ್ಣದ ಯಂತ್ರದಲ್ಲಿ ತೆಗೆಯಬೇಕಾದರೆ ಒಂದೇ ಹಾಳೆ ನಾಲ್ಕು ಸಲ ಹೋಗಬೇಕು. ಒಂದು ಡೆಮಿ ಹಾಳೆಗೆ ನಾಲ್ಕು ರಕ್ಷಾಪುಟದಂತೆ ಸಾವಿರಕ್ಕೆ 250 ಹಾಳೆ ಸಾಕು. ಒಳ್ಳೆಯದಿರಲಿ ಎಂದು 300 ಕತ್ತರಿಸಿಟ್ಟಿರಿ. ನೂರಕ್ಕೊಂದು ತಪ್ಪುವ ಕೈಯಾದರೆ ನಾಲ್ಕನೇ ಬಣ್ಣದ ಕೊನೆಗೆ 288 ಉಳಿಯುತ್ತವೆ, ನೂರಕ್ಕೆ ಮೂರು ತಪ್ಪಿದರೆ 265. ನೂರಕ್ಕೆ ಐದು ತಪ್ಪಿದರೆ 244 ಮಾತ್ರ, ಅಂದರೆ 976 ರಕ್ಷಾಪುಟ. 24 ಹೊತ್ತಿಗೆಗೆ ಮೇಲುಹೊದಿಕೆಯೇ ಇಲ್ಲ. ಅದಕ್ಕಾಗಿ ನಾಲ್ಕು ಬಣ್ಣವನ್ನೂ ಮತ್ತೆ ಮೊದಲಿನಿಂದ ಹಾಕಬೇಕು.

ತಪ್ಪು ಎಂದರೆ ಹಾಳೆ ಮಡಚಿಕೊಳ್ಳುವುದೊಂದೇ ಅಲ್ಲ. ಬೇಲೂರಿನ ಮದನಿಕೆಯೊಬ್ಬಳ ಚಿತ್ರವನ್ನು 12 ಸೆಂ.ಮೀ. ಎತ್ತರಕ್ಕೆ, ಇಂಚಿಗೆ 133 ಗೆರೆಯ ಸ್ಕ್ರೀನಿನಲ್ಲಿ ತೆಗೆದರೆ ಅಡಿಯಿಂದ ಮುಡಿಗೆ 628 ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ 0.19 ಮಿ.ಮೀ. ಒಂದು ಬಣ್ಣ ಕೂದಲೆಳೆಯಷ್ಟು, 0.1 ಮಿ.ಮೀ. ಸರಿದರೂ ಅರ್ಧ ಚುಕ್ಕಿ ಆಚೆ ಹೋಯಿತು, ಸರದ ಮಣಿಗಳು ಮಸುಕಾದವು. ಅಷ್ಟು ಸೂಕ್ಷ್ಮವನ್ನು ಯಾವ ಕೈಯೂ ಅಳೆಯಲಾರದು. ಅಳತೆ ಯಂತ್ರದ್ದು: ಮುಂದೆ ಎರಡು ತಡೆ, ಪಕ್ಕದಲ್ಲಿ ಒಂದು, ಒಟ್ಟು ಮೂರು ಕಡೆ ಹಾಳೆ ತಾಗಬೇಕು. ತಾಗಿಸುವುದು ಕೈಯ ಕೆಲಸ. ಜೋರಾಗಿ ತಳ್ಳಿದರೆ ಅಂಚು ಬಾಗುತ್ತದೆ, ಮೆಲ್ಲಗೆ ಬಿಟ್ಟರೆ ತಡೆಗೆ ಮುಟ್ಟುವುದಿಲ್ಲ. ನಾಲ್ಕು ಬಣ್ಣಕ್ಕೂ ಅದೇ ಅಂಚು, ಅದೇ ಪಕ್ಕ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಅರಸೀಕೆರೆ ಬಯಲುಸೀಮೆ, ಬೇಲೂರು ಅರೆಮಲೆನಾಡು. ತೇವ ಹೀರಿದ ಕಾಗದ ಹಿಗ್ಗುತ್ತದೆ. 18 ಇಂಚಿನ ಹಾಳೆ ಸಾವಿರಕ್ಕೊಂದು ಪಾಲು ಹಿಗ್ಗಿದರೂ 0.46 ಮಿ.ಮೀ., ಎರಡು ಚುಕ್ಕಿಗೂ ಹೆಚ್ಚು. ಮಳೆಗಾಲದಲ್ಲಿ ಇವತ್ತು ಹಳದಿ ಹಾಕಿ, ಎರಡು ದಿನ ಬಿಟ್ಟು ನೀಲಿ ಹಾಕುವಾಗ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡದಿದ್ದರೆ ಎಂಥ ಒಳ್ಳೆಯ ಕೈಯೂ ನಿಮ್ಮನ್ನು ಉಳಿಸಲಾರದು.

ಇನ್ನು ಹಣ, ಒಳಪುಟಕ್ಕೆ ಮಾತ್ರ. ದರಗಳು ಊರಿಂದೂರಿಗೆ ಬೇರೆ. ಲೆಕ್ಕಕ್ಕಾಗಿ ಕಾಗದ ಕೆಜಿಗೆ 100 ರೂಪಾಯಿ, ಪ್ಲೇಟಿಗೆ 250, ಸಾವಿರ ಇಂಪ್ರೆಷನ್ನಿಗೆ 250, ಸಾವಿರಕ್ಕಿಂತ ಕಡಿಮೆಯಾದರೂ ಅಷ್ಟೇ ಎಂದಿಟ್ಟುಕೊಳ್ಳಿ. ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಬಹುದು. ಇಂಕು-ನೀರು ಹದಕ್ಕೆ ಬರುವವರೆಗೆ ಹಾಳಾಗುವ ಹಾಳೆ, ಎಷ್ಟೇ ಪ್ರತಿಯಾಗಲಿ, 3 ಕೆಜಿ ಎಂದು ಹಿಡಿಯೋಣ. 200 ಪ್ರತಿಗೆ 3,048 ರೂಪಾಯಿ, ಪ್ರತಿಗೆ 15.24. 500ಕ್ಕೆ ಪ್ರತಿಗೆ 8.34. 1000ಕ್ಕೆ 6,040 ರೂಪಾಯಿ, ಪ್ರತಿಗೆ 6.04. 5000 ಹಾಕಿಸಿದರೆ 25,000 ರೂಪಾಯಿ, ಪ್ರತಿಗೆ ಸರಿಯಾಗಿ 5.

ಇನ್ನೂರರಿಂದ ಸಾವಿರಕ್ಕೆ ಬಂದಾಗ ಪ್ರತಿಗೆ 9.20 ರೂಪಾಯಿ ಇಳಿಯಿತು. ಸಾವಿರದಿಂದ ಐದು ಸಾವಿರಕ್ಕೆ ಹೋದಾಗ ಇಳಿದದ್ದು 1.04. ಆ ಒಂದು ರೂಪಾಯಿ ಉಳಿಸಲು ಹೆಚ್ಚಿಗೆ ಸುರಿದದ್ದು 18,960 ರೂಪಾಯಿ, ಅಟ್ಟದ ಮೇಲೆ ಕೂತದ್ದು ಒಂದೂವರೆ ಕ್ವಿಂಟಲ್ ಕಾಗದ. ಕೈಯಿಂದ ಹಾಳೆ ಕೊಡುವ ಯಂತ್ರಕ್ಕೆ ತಕ್ಕ ಕೆಲಸ ಐನೂರರಿಂದ ಎರಡು ಸಾವಿರದವರೆಗಿನದು ಎಂದು ನಾನು ಹೇಳುವುದು ಇದಕ್ಕೇ.

ಸಾವಿರ ಪ್ರತಿಯ 6,040 ರೂಪಾಯಿಯನ್ನು ಬಿಡಿಸಿ ನೋಡಿ. ಕಾಗದ 4,040, ನೂರಕ್ಕೆ 67. ಯಂತ್ರ ಓಡಿಸಿದ್ದಕ್ಕೆ 1,000, ನೂರಕ್ಕೆ 17. ಹಾಳೆ ಕೊಡುವವರ ಕೂಲಿ ಈ ಹದಿನೇಳರ ಒಳಗಿನ ಒಂದು ಪಾಲು, ಆದರೆ ಅರವತ್ತೇಳು ಅವರ ಬೆರಳ ತುದಿಯಲ್ಲಿದೆ. ಇಂಕಿನ ಖರ್ಚಂತೂ ಹೇಳುವ ಹಾಗೇ ಇಲ್ಲ: ಅಕ್ಷರಗಳು ಪುಟದ ಬರಹದ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಮುಚ್ಚುತ್ತವೆ, ಚದರ ಮೀಟರಿಗೆ 2 ಗ್ರಾಂ ಬೇಕು ಎಂದು ಹಿಡಿದರೂ ಸಾವಿರ ಪ್ರತಿಗೆ 116 ಗ್ರಾಂ.

ಅಚ್ಚಿಗೆ ಕೊಡುವವರಲ್ಲಿ ನನ್ನ ಮನವಿ ಇಷ್ಟೆ. ಪ್ಲೇಟಿನಲ್ಲಿ ಐವತ್ತು, ಇಂಪ್ರೆಷನ್ನಿನಲ್ಲಿ ಐವತ್ತು ಚೌಕಾಸಿ ಮಾಡಬೇಡಿ. ಜಾತ್ರೆ ನಾಳೆ ಎಂದು ಇವತ್ತು ಹೋಗಿ ನಿಲ್ಲಬೇಡಿ, ರಕ್ಷಾಪುಟದ ನಾಲ್ಕು ಬಣ್ಣಕ್ಕೆ ನಾಲ್ಕು ದಿನ ಕೊಡಿ. ಯಂತ್ರದ ಮುಂದೆ ನಿಂತವರು ಹಾಳೆ ಕೊಡುತ್ತಿರುವಾಗ ಅವರನ್ನು ಮಾತಿಗೆಳೆಯಬೇಡಿ.