ಅರಗಿನ ತಟ್ಟೆಯಲ್ಲಿ ಉಳಿದ ಬೆರಳುಗಳು

ರಷ್ಯದ ನಿಕೊಲಾಯ್ ಮೆಟ್ನರ್ ಬರೆದ ಮೂರನೆಯ ಪಿಯಾನೊ ಕನ್ಚರ್ಟೊ ಅರ್ಪಣೆಯಾಗಿರುವುದು ಮೈಸೂರು ಮಹಾರಾಜರಿಗೆ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಅಂದರೆ ಅವರು ನಮ್ಮ ಅಜ್ಜ ಅಜ್ಜಿಯರ ದೊರೆ. ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಸೀಮೆಯನ್ನು ಆಳಿದವರ ಹೆಸರು ಮಾಸ್ಕೋದಲ್ಲಿ ಹುಟ್ಟಿದ ಸಂಗೀತಗಾರನ ಕೃತಿಗೆ ಹೇಗೆ ಹತ್ತಿತು?

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಹುಡುಗನಾಗಿದ್ದಾಗ ಅವರಿಗಿದ್ದ ಆಸೆ ಪಿಯಾನೊ ಕಛೇರಿ ಕೊಡುವ ಕಲಾವಿದನಾಗಬೇಕೆಂಬುದು. ಅಕ್ಕತಂಗಿಯರಲ್ಲಿ ವಿಜಯಾದೇವಿಯವರಿಗೂ ಅದೇ ಹುಚ್ಚು. ಅವರು ಮುಂದೆ ನ್ಯೂಯಾರ್ಕಿಗೆ ಹೋಗಿ ಕಲಿತು ಬಂದರು. ಅಣ್ಣನಿಗೆ ಆ ಬಿಡುವು ಸಿಗಲಿಲ್ಲ. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಇಪ್ಪತ್ತೊಂದು ವರ್ಷದ ಯುವಕ ಸಿಂಹಾಸನದ ಮೇಲೆ ಕೂತರು. ಆದರೂ ಪಿಯಾನೊ ಬಿಟ್ಟರೆನ್ನುವಂತಿಲ್ಲ: 1945ರಲ್ಲಿ, ರಾಜ್ಯಭಾರ ಹೊತ್ತು ಐದು ವರ್ಷವಾದ ಮೇಲೆ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಅವರ ಹೆಸರಿಗೆ ಬಂತು. ತಾವು ವೇದಿಕೆಯಲ್ಲಿ ಕೂತು ನುಡಿಸುವ ದಾರಿ ಮುಚ್ಚಿಹೋದ ಮೇಲೆ ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಹಾಕತೊಡಗಿದರು. ಆ ಸಂಗ್ರಹ ಇಪ್ಪತ್ತು ಸಾವಿರದ ಹತ್ತಿರ ಮುಟ್ಟಿತ್ತೆಂಬ ಅಂದಾಜಿದೆ.

ಇತ್ತ ಮೆಟ್ನರ್. 1880ರಲ್ಲಿ ಹುಟ್ಟಿದವರು. ಮಾಸ್ಕೋ ಕನ್ಸರ್ವೇಟರಿಯಲ್ಲಿ ಪಿಯಾನೊ ಕಲಿತು 1900ರಲ್ಲಿ ಹೊರಬಿದ್ದಾಗ, ಕಛೇರಿ ಮಾಡಿಕೊಂಡೇ ಹೆಸರು ಮಾಡಬಹುದಿತ್ತು. ಬರೆಯುವುದನ್ನು ಹಿಡಿದರು. ಸಂಗೀತಕಾರ ರಾಹ್ಮನಿನಾಫ್ ಅವರ ಆಪ್ತ ಗೆಳೆಯ. ತನ್ನ ನಾಲ್ಕನೆಯ ಕನ್ಚರ್ಟೊವನ್ನು ಆತ ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತನ್ನ ಎರಡನೆಯದನ್ನು ಗೆಳೆಯನಿಗೆ ಕೊಟ್ಟರು. ಗೆಳೆಯ ಲೋಕವನ್ನೇ ಗೆದ್ದ. ಇವರು 1921ರಲ್ಲಿ ರಷ್ಯ ಬಿಟ್ಟವರು ಬರ್ಲಿನ್, ಪ್ಯಾರಿಸ್ ಅಲೆದು, ಮೂವತ್ತರ ದಶಕದ ನಡುವೆ ಲಂಡನ್ನಿನ ಒಂದು ಪುಟ್ಟ ಮನೆಯಲ್ಲಿ ನೆಲೆಯೂರಿದರು. ಹೊಸ ಸಂಗೀತದ ಮೇಲೆ ಮುನಿಸಿಕೊಂಡು ಒಂದು ಪುಸ್ತಕವನ್ನೇ ಬರೆದ ಮನುಷ್ಯ. ಕಾಲ ಅವರನ್ನು ದಾಟಿ ಹೋಯಿತು ಎಂದರೆ ಅದರಲ್ಲಿ ಅವರ ಹಟದ ಪಾಲೂ ಇತ್ತು. ಎರಡನೆಯ ಮಹಾಯುದ್ಧ ಶುರುವಾದದ್ದೇ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತ. ಇಂಗ್ಲೆಂಡಿನ ಪಿಯಾನೊ ಕಲಾವಿದೆ ಎಡ್ನಾ ಐಲ್ಸ್ ಅವರ ಮನೆಯವರು ಮೆಟ್ನರ್ ದಂಪತಿಯನ್ನು ಬಾಂಬು ಬೀಳದ ಕಡೆಗೆ ಕರೆದೊಯ್ದು ಸಾಕಿದರು. ಮೂರನೆಯ ಕನ್ಚರ್ಟೊ ಮುಗಿದದ್ದು ಆ ಕಾಯಿಲೆಯ ದಿನಗಳಲ್ಲೇ. 1944ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅವರೇ ಅದನ್ನು ಮೊದಲ ಸಲ ನುಡಿಸಿದರು.

ಆ ಮುದುಕನ ಬಾಗಿಲಿಗೆ 1946ರಲ್ಲಿ ಮೈಸೂರಿನ ಮಾತು ಬಂತು: ನಿಮ್ಮ ಕೃತಿಗಳನ್ನು ನೀವೇ ನುಡಿಸಿ, ಧ್ವನಿಮುದ್ರಣದ ಖರ್ಚು ನಮ್ಮದು. ಜಗತ್ತಿನಲ್ಲಿ ಅಷ್ಟೊಂದು ಹಣವಂತರಿದ್ದರು, ರಾಹ್ಮನಿನಾಫ್‌ನ ಅಭಿಮಾನಿಗಳಿದ್ದರು. ಗುರುತು ಹಿಡಿದದ್ದು ಮಾತ್ರ ಚಾಮುಂಡಿ ಬೆಟ್ಟದ ಬುಡದಲ್ಲಿ ಕೂತು ಪ್ಲೇಟು ಕೇಳುತ್ತಿದ್ದ ಒಬ್ಬರು. ಪಿಯಾನೊ ನುಡಿಸಿ ನೋಡಿದವರಿಗೇ ಮೆಟ್ನರ್ ರುಚಿ ಹತ್ತುವುದು ಎಂದು ನನಗನ್ನಿಸುತ್ತದೆ. ಮೇಲೆ ಕೇಳಿದರೆ ಶಿಸ್ತಿನ, ತುಸು ಒಣ ಸಂಗೀತ. ಸೊಗಸೆಲ್ಲ ಒಳಗಿನ ಹೆಣಿಗೆಯಲ್ಲಿದೆ.

ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು; ಮೂರನೆಯ ಕನ್ಚರ್ಟೊದ ಅರ್ಪಣೆ ಆ ಉಪಕಾರಕ್ಕೆ ಸಂದ ಕೃತಜ್ಞತೆ. ಎಚ್‌ಎಮ್‌ವಿ ಕಂಪನಿಯ ಸ್ಟುಡಿಯೊದಲ್ಲಿ, ಫಿಲಾರ್ಮೋನಿಯಾ ವಾದ್ಯವೃಂದದ ಜೊತೆ, 1947ರಲ್ಲಿ ಮೂರೂ ಕನ್ಚರ್ಟೊಗಳು ಮುದ್ರಣವಾದವು. ಆಗಿನದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ದೊಡ್ಡ ತಟ್ಟೆಯ ಒಂದು ಬದಿಗೂ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಮೂರನೆಯ ಕನ್ಚರ್ಟೊ ಅರ್ಧ ಗಂಟೆಗೂ ಮೀರಿದ್ದು, ಅದರ ಭಾಗಗಳು ನಡುವೆ ನಿಲ್ಲದೆ ಒಂದಕ್ಕೊಂದು ಹೆಣೆದುಕೊಂಡಿವೆ. ಕೇಳುವವನು ಮಾತ್ರ ಮತ್ತೆ ಮತ್ತೆ ಎದ್ದು ತಟ್ಟೆ ಮಗುಚಬೇಕು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದುದು ಹಿಂದೂಸ್ತಾನದ ಕಾಡುಗಳಿಂದಲೇ. ನಮ್ಮ ಶಿಡ್ಲಘಟ್ಟದ ಹುಳು ಗೂಡು ಕಟ್ಟಿ ರೇಷ್ಮೆ ಕೊಡುವ ಹಾಗೆ, ಇನ್ನೊಂದು ಹುಳು ಮರದ ಕೊಂಬೆಗೆ ಕಚ್ಚಿಕೊಂಡು ಅರಗು ಕೊಡುತ್ತದೆ.

1947 ಎಂದ ಕೂಡಲೇ ನಮ್ಮ ಕಡೆಯವರ ನೆನಪು ಬೇರೆ ಕಡೆಗೆ ಹರಿಯಬೇಕು. ಲಂಡನ್ನಿನಲ್ಲಿ ಈ ತಟ್ಟೆಗಳು ತಯಾರಾದ ವರ್ಷದಲ್ಲೇ ಇಲ್ಲಿ ‘ಮೈಸೂರು ಚಲೋ’ ನಡೆಯಿತು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಜನ ಬೀದಿಗಿಳಿದರು, ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು, ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅದಕ್ಕೂ ಒಂಬತ್ತು ವರ್ಷ ಹಿಂದೆ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ನೆರೆದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದರು. ಸತ್ತವರ ಲೆಕ್ಕ ಸರ್ಕಾರದ್ದೇ ಒಂದು, ಊರವರದ್ದೇ ಒಂದು. ಅದು ನಾಲ್ವಡಿಯವರ ಕಾಲ, ಜಯಚಾಮರಾಜರ ಕಾಲವಲ್ಲ, ನಿಜ. ಆದರೂ ಬೊಕ್ಕಸ ಒಂದೇ ಮನೆತನದ್ದು. ಕಂದಾಯ ಕಟ್ಟಿದ ಸೀಮೆಯಲ್ಲಿ ಪಿಯಾನೊ ಎಂಬ ಪೆಟ್ಟಿಗೆಯನ್ನು ಕಂಡವರೇ ಇರಲಿಲ್ಲವೆನ್ನಬೇಕು. ಈ ಕತೆಯನ್ನು ಬರೀ ಹೆಮ್ಮೆಯಿಂದ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಹೇಳದೆ ಇರಲೂ ಮನಸ್ಸಿಲ್ಲ.

ಎಚ್‌ಎಮ್‌ವಿಯ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಹೋದರು. ಅರಮನೆಯಲ್ಲಿ ಪ್ಲೇಟುಗಳ ಗ್ರಂಥಾಲಯವನ್ನೂ ಸಾಲು ಪಿಯಾನೊಗಳನ್ನೂ ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾರೆ. ಮಹಾರಾಜರು ಫಿಲಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಲಂಡನ್ನಿನಲ್ಲಿ ಕೇಳಿಬಂದಾಗಲೂ ಹಣದ ಜಾಮೀನು ನಿಂತವರು ಇವರೇ. ಮಾಡಿಸಿಕೊಂಡ ಕರಾರು ಇಷ್ಟೇ: ಆ ಹಾಡುಗಳ ಮುದ್ರಣವೊಂದು ತಮ್ಮ ಸಂಗ್ರಹಕ್ಕೆ ಬೇಕು. ಇದೇ ವರ್ಷಗಳಲ್ಲಿ ಅವರು ವೀಣೆ ಹಿಡಿದು, ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸುತ್ತಿದ್ದರು, ಒಟ್ಟು 94.

ತಟ್ಟೆಗಳು ಹೊರಬಂದವು, ಮೆಚ್ಚಿಕೊಂಡವರು ಮೆಚ್ಚಿಕೊಂಡರು. ಆಮೇಲೆ ಮೆಟ್ನರ್ ಮತ್ತೆ ಮರವೆಗೆ ಸರಿದರು. 1990ರ ದಶಕದಲ್ಲಿ ಹಳೆಯ ಮುದ್ರಣಗಳು ಸಿ.ಡಿ.ಯಾಗಿ ಬಂದು, ಮಾರ್ಕ್-ಆಂದ್ರೆ ಆಮ್ಲಾನ್‌ರಂಥ ಪಿಯಾನೊ ಕಲಾವಿದರು ಅವರ ಸೊನಾಟಾಗಳನ್ನು ಕೈಗೆತ್ತಿಕೊಂಡ ಮೇಲೆ ಎರಡನೆಯ ಸಲ ಸಿಕ್ಕರು. ಈ ಹೊಸಬರು ಕೈಜಾರಿಸುವುದಿಲ್ಲ. ಹಳೆಯದರಲ್ಲಿ ಮುದುಕನ ಕೈ ಅಲ್ಲಲ್ಲಿ ಒಂದು ಮನೆ ತಪ್ಪಿ ಪಕ್ಕದ ಮನೆಗೆ ಬೀಳುತ್ತದೆ, ಕರಕರ ಸದ್ದೂ ಇದೆ. ಆದರೆ ಲಯ ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂದು ಹೊಸಬರು ಸಂದೇಹ ಬಂದಾಗ ಕೇಳಬಹುದಾದದ್ದು ಅದನ್ನೇ.

ಮೆಟ್ನರ್ ಕೊನೆಗೆ ಮುದ್ರಿಸಿದ್ದರಲ್ಲಿ ಹಾಡುಗಳೂ ಇವೆ, 1950ರಲ್ಲಿ. ಹಾಡಿದವರು ಎಲಿಜಬೆತ್ ಶ್ವಾರ್ಟ್ಸ್‌ಕೋಫ್, ಆಗ ಮೂವತ್ತೈದರ ಆಸುಪಾಸು. ಪಕ್ಕದಲ್ಲಿ ಪಿಯಾನೊಕ್ಕೆ ಕೂತ ಮೆಟ್ನರ್‌ಗೆ ಎಪ್ಪತ್ತು ತುಂಬಿತ್ತು, ಎದೆ ನೆಟ್ಟಗಿರಲಿಲ್ಲ. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡರು. ಆ ತಟ್ಟೆಯಲ್ಲಿ ಹಾಡುಗಾರ್ತಿ ಉಸಿರು ತೆಗೆದುಕೊಳ್ಳುವ ಕಡೆ ಪಿಯಾನೊ ಒಂದು ಕ್ಷಣ ಕಾಯುತ್ತದೆ.