ಅಲಾಯ್ ಚಕ್ರಕ್ಕೆ ಹಿಡಿದ ಕಲೆ

ಕಾರಿನ ಚಕ್ರಗಳನ್ನು ಥಳಥಳಿಸುವಂತೆ ಮಾಡಬೇಕೆಂಬ ಉತ್ಸಾಹದಿಂದ ಯಾವುದೋ ತೀಕ್ಷ್ಣ ದ್ರಾವಣವನ್ನು ಎರಚಿ, ಅದು ಬಿಸಿಲಿನಲ್ಲಿ ಒಣಗಿದ ಮೇಲೆ ಲೋಹದ ಮೈಯಲ್ಲಿ ಹಾಲುಬಿಳುಪಿನ ಗೆರೆಗಳೋ ಕರಿಯ ಛಾಯೆಯೋ ಇಳಿದಿರುವುದನ್ನು ಕಂಡವರು, ಸಾಮಾನ್ಯವಾಗಿ ಅದೇ ದ್ರಾವಣವನ್ನು ಇನ್ನಷ್ಟು ಹಾಕಿ ಉಜ್ಜತೊಡಗುತ್ತಾರೆ. ಈ ಯತ್ನ ಫಲಿಸಲಾರದು. ಉಜ್ಜಿದಷ್ಟೂ ಹಾನಿ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಅಂತಹ ಕಲೆಯಿರುವೆಡೆಯಲ್ಲಿ ಚಕ್ರವು ತನ್ನ ಮೈಯ ಒಂದಂಶವನ್ನೇ ಕಳೆದುಕೊಂಡಿರುತ್ತದೆ.

ಆ ಮೈ ಅಲ್ಯುಮಿನಿಯಮ್ಮಿನದು. 1924ರಲ್ಲಿಯೇ ಬುಗಾಟಿಯವರ ಟೈಪ್ 35 ಎಂಬ ಪಂದ್ಯದ ಕಾರು ಎರಕದ ಅಲ್ಯುಮಿನಿಯಮ್ ಚಕ್ರಗಳ ಮೇಲೆ ಓಡಿತು. ಇಂದು ಅಂತಹ ಚಕ್ರಗಳಿಗೆ ಬಹುವಾಗಿ ಬಳಕೆಯಾಗುವ ಎ 356 ಎಂಬ ಮಿಶ್ರಲೋಹದಲ್ಲಿ ಶೇಕಡಾ 7ರಷ್ಟು ಸಿಲಿಕಾನ್, 0.3ರ ಆಸುಪಾಸಿನಲ್ಲಿ ಮೆಗ್ನೀಸಿಯಮ್ ಇದ್ದು, ಉಳಿದುದು ಬಹುತೇಕ ಅಲ್ಯುಮಿನಿಯಮ್ಮೇ ಆಗಿದೆ. ಈ ಲೋಹದ ಸ್ವಭಾವ ವಿಚಿತ್ರವಾದದ್ದು. ಆಮ್ಲಜನಕದೊಡನೆ ಕೂಡಲು ಅತ್ಯಂತ ಆತುರವುಳ್ಳದ್ದಾದರೂ, ಆ ಆತುರದಿಂದಲೇ ಗಾಳಿ ಸೋಕಿದೊಡನೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆಯೊಂದನ್ನು ತನ್ನ ಮೇಲೆ ತಾನೇ ಹೊದೆದುಕೊಂಡು, ಮುಂದಿನ ಕ್ಷಯದಿಂದ ಪಾರಾಗುತ್ತದೆ. ಆದರೆ ಈ ಪೊರೆ ಉಭಯಧರ್ಮಿ: ಪಿಎಚ್ ಸುಮಾರು 4ರಿಂದ 8.5ರ ಒಳಗಿರುವವರೆಗೆ ಸ್ಥಿರವಾಗಿದ್ದು, ಅದರಾಚೆಗೆ ಆಮ್ಲದಲ್ಲಿಯೂ ಕರಗುತ್ತದೆ, ಕ್ಷಾರದಲ್ಲಿಯೂ ಕರಗುತ್ತದೆ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನೊಳಗಿನ ಅಲ್ಯುಮಿನಾವನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುವುದು ಈ ಗುಣವನ್ನು ಆಧರಿಸಿಯೇ. ಅಲ್ಲಿ ಲೋಹದ ಜನನಕ್ಕೆ ನೆರವಾಗುವ ಕ್ರಿಯೆ ಚಕ್ರದ ಮೇಲೆ ನಡೆದಾಗ ಅದರ ನಾಶಕ್ಕೆ ಕಾರಣವಾಗುತ್ತದೆ.

ಕ್ಷಾರವು ಪೊರೆಯನ್ನು ಕರಗಿಸಿ ಒಳಲೋಹವನ್ನು ಮುಟ್ಟಿದಾಗ ಜಲಜನಕವು ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ. ಅಲ್ಯುಮಿನಿಯಮ್ ಕರಗಿಹೋಗಿ, ಸುಲಭವಾಗಿ ಕರಗದ ಸಿಲಿಕಾನ್ ಮತ್ತು ಕಬ್ಬಿಣದ ಸಂಯುಕ್ತಗಳ ಕಣಗಳು ಕರಿಯ ಪುಡಿಯಾಗಿ ಮೇಲೆ ಉಳಿಯುತ್ತವೆ. ವಾಷಿಂಗ್ ಸೋಡಾ ಹಾಕಿ ತಿಕ್ಕಿದ ಅಲ್ಯುಮಿನಿಯಮ್ ಪಾತ್ರೆ ಕಪ್ಪಿಡುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಆಮ್ಲವಾದರೋ ಮೈಯನ್ನು ಸೂಕ್ಷ್ಮವಾಗಿ ಕೊರೆದು ಒರಟಾಗಿಸುವುದರಿಂದ, ಅಲ್ಲಿ ಬಿದ್ದ ಬೆಳಕು ಚೆಲ್ಲಾಪಿಲ್ಲಿಯಾಗಿ ಚದುರಿ ಮಂಜುಬಿಳುಪು ತೋರುತ್ತದೆ. ಬಿಸಿ ಚಕ್ರದ ಮೇಲೆ ದ್ರಾವಣ ಸುರಿದಾಗ ಕ್ರಿಯೆ ತ್ವರೆಗೊಳ್ಳುವುದಲ್ಲದೆ, ನೀರು ಆವಿಯಾದಂತೆಲ್ಲ ಉಳಿದ ದ್ರವ ಸಾಂದ್ರವಾಗುತ್ತ ಹೋಗುವುದರಿಂದ, ಅದು ಹರಿದಿಳಿದ ದಾರಿಯೇ ಗೆರೆಯಾಗಿ ಮೂಡುತ್ತದೆ.

ಇಷ್ಟು ಉಗ್ರವಾದ ದ್ರವಗಳನ್ನು ಜನ ಬಳಸುವುದಾದರೂ ಏತಕ್ಕೆಂದರೆ, ಬ್ರೇಕಿನ ಎರಕಬ್ಬಿಣದ ಡಿಸ್ಕಿನಿಂದ ಸವೆದು ಹಾರುವ ಬಿಸಿಕಣಗಳು ಚಕ್ರದ ಲೇಪದಲ್ಲಿ ನಾಟಿಕೊಂಡು ತುಕ್ಕು ಹಿಡಿಯುತ್ತವೆ. ಸೋಪಿನ ನೀರಿಗೆ ಅವು ಜಗ್ಗುವುದಿಲ್ಲ. ಇವುಗಳಿಗೆ ಯುಕ್ತವಾದುದು ಕಬ್ಬಿಣವನ್ನು ಹಿಡಿದು ನೇರಳೆ ಬಣ್ಣಕ್ಕೆ ತಿರುಗುವ ಥಯೊಗ್ಲೈಕೊಲೇಟ್ ದ್ರಾವಣ. ಅದನ್ನೂ ತಣ್ಣಗಿನ ಚಕ್ರಕ್ಕೇ ಹಾಕಿ, ಒಣಗುವ ಮೊದಲೇ ತೊಳೆದುಬಿಡತಕ್ಕದ್ದು.

ದುರಸ್ತಿಗೆ ಕೈಯಿಡುವ ಮುನ್ನ ಪೆಟ್ಟು ಬಿದ್ದಿರುವುದು ಯಾವ ಪದರಕ್ಕೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಈ ಒಂದು ವಿವೇಚನೆಯ ಅಭಾವದಿಂದ ಕೆಟ್ಟ ಚಕ್ರಗಳೇ ಹೆಚ್ಚೆಂದು ನನ್ನ ಭಾವನೆ. ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಸುಣ್ಣದ ಚುಕ್ಕೆಯಾದರೆ ನೀರು ಬೆರೆಸಿದ ವಿನೆಗರ್ ಸೋಕಿಸಿ ಕೂಡಲೆ ತೊಳೆದರೆ ಸಾಕು. ಕಲೆ ಮೇಲಿನ ಪಾರದರ್ಶಕ ಲ್ಯಾಕರ್ ಪದರದಲ್ಲಿದ್ದರೆ ಮೃದುವಾದ ಪಾಲಿಷಿನಿಂದಲೂ, ಅದಕ್ಕೂ ಬಗ್ಗದಿದ್ದರೆ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಆಡಿಸಿ ಮತ್ತೆ ಪಾಲಿಷ್ ಹಾಕುವುದರಿಂದಲೂ ಹೊಳಪು ಮರಳುತ್ತದೆ. ಆದರೆ ಆ ಪದರ ಕೆಲವು ಹತ್ತು ಮೈಕ್ರಾನ್‌ಗಳಷ್ಟೇ ದಪ್ಪವಾದುದರಿಂದ ಕೈ ತಡೆದು ನಡೆಯಬೇಕು. ಲ್ಯಾಕರ್ ಬಿರಿದು ಅದರಡಿಯಲ್ಲಿಯೇ ಬಿಳುಪು ಹಬ್ಬಿದ್ದರೆ, ಹಳೆಯ ಲೇಪವನ್ನೆಲ್ಲ ತೆಗೆದು ಹೊಸದಾಗಿ ಹೊಡೆಯದೆ ಗತಿಯಿಲ್ಲ.

ಲೇಪವಿಲ್ಲದೆ ಬರಿಯ ಪಾಲಿಷ್ ಮಾಡಿದ ಚಕ್ರದ ಮಟ್ಟಿಗೆ ಆಶೆ ಹೆಚ್ಚು. 600ರ ಕಾಗದದಿಂದ ತೊಡಗಿ 1000, 1500, 2000ಕ್ಕೆ ಏರುತ್ತ, ಪ್ರತಿ ಹಂತದಲ್ಲಿಯೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ, ಅವು ಸಂಪೂರ್ಣವಾಗಿ ಅಳಿದವೆಂದು ಖಚಿತವಾದ ಮೇಲೆಯೇ ಮುಂದಿನ ಕಾಗದವನ್ನು ಕೈಗೆತ್ತಿಕೊಳ್ಳುವ ತಾಳ್ಮೆಯಿದ್ದಲ್ಲಿ, ಕೊನೆಗೆ ಮೆಟಲ್ ಪಾಲಿಷ್ ಸೋಕಿದಾಗ ಲೋಹ ಕನ್ನಡಿಯ ಕಾಂತಿಯನ್ನು ಪಡೆಯುತ್ತದೆ. ಕಳೆದುಹೋಗಿದ್ದ ಆಕ್ಸೈಡ್ ಪೊರೆಯನ್ನು ಗಾಳಿಯೇ ಮರಳಿ ಕಟ್ಟಿಕೊಡುತ್ತದೆ. ವಿದ್ಯುತ್ತಿನ ನೆರವಿನಿಂದ ದಪ್ಪವಾಗಿ ಬೆಳೆಸಿದ ಆನೊಡೈಸ್ ಪದರ ಕರಗಿದ್ದರೆ ಮಾತ್ರ ಅದು ಮತ್ತೆ ಕಾರ್ಖಾನೆಗೇ ಹೋಗಬೇಕು. ಕ್ರೋಮ್ ಚಕ್ರದಲ್ಲಿ ನಿಕಲ್ಲಿನ ಮೇಲಿರುವ ಕ್ರೋಮಿಯಮ್ಮಿನ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ಕಡಮೆಯಿದ್ದು, ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ತಿಂದ ಬಳಿಕ ಪಾಲಿಷಿನಿಂದ ಪ್ರಯೋಜನವಿಲ್ಲ. ಡೈಮಂಡ್ ಕಟ್ ಎನಿಸಿದ ಚಕ್ರವನ್ನು ಲೇಥಿಗೆ ಕಟ್ಟಿ ಮುಖದ ಲೋಹವನ್ನೇ ತೆಳುವಾಗಿ ಕೊರೆಯಬೇಕಾಗಿರುವುದರಿಂದ, ಆ ಚಿಕಿತ್ಸೆಯನ್ನು ಕೆಲವೇ ಸಲ ಮಾಡಬಹುದು.

ಇದೆಲ್ಲಕ್ಕಿಂತ ಗುರುತರವಾದ ಸಂಗತಿಯೊಂದುಂಟು. ಚಕ್ರ ತೊಳೆಯುವ ಕೆಲವು ತೀವ್ರ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅದನ್ನು ಹುಟ್ಟಿಸುವ ಅಮೋನಿಯಮ್ ಬೈಫ್ಲೋರೈಡೋ ಇರುತ್ತದೆ. ಗಾಜನ್ನೇ ಕೊರೆಯಬಲ್ಲ ಈ ಆಮ್ಲ ಚರ್ಮದೊಳಕ್ಕೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಬಂಧಿಸಿಬಿಡುತ್ತದೆ. ದುರ್ಬಲ ದ್ರಾವಣವಾದರೆ ನೋವು ಗಂಟೆಗಳ ತರುವಾಯ ಕಾಣಿಸಿಕೊಳ್ಳುವುದರಿಂದ, ವಾಟರ್ ಸರ್ವಿಸ್ ಅಂಗಡಿಯಲ್ಲಿ ಬರಿಗೈಯಿಂದ ಅದನ್ನು ಬಳಿಯುವ ಹುಡುಗನಿಗೆ ತನಗೇನಾಯಿತೆಂಬುದೇ ಆಗ ತಿಳಿಯದು. ಅಂತಹ ದ್ರವ ಮೈಗೆ ತಗಲಿದಾಗ ಒಡನೆಯೇ ಧಾರಾಳವಾಗಿ ನೀರು ಹೊಯ್ದು, ನೋವಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ದು, ಆಮ್ಲದ ಹೆಸರನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಇದಕ್ಕೆ ಕೊಡುವ ಕ್ಯಾಲ್ಸಿಯಮ್ ಗ್ಲುಕೊನೇಟ್ ಸಾಮಾನ್ಯ ಸುಟ್ಟಗಾಯದ ಔಷಧಗಳ ಸಾಲಿನಲ್ಲಿ ಇರುವುದಿಲ್ಲ.