ಕರಿ ಕೋಟಿನ ಮೊದಲ ಮೂರು ವರ್ಷ

ಗೋವಿಂದರಾಜನಗರದ ಬ್ಯಾರಿ ಮನೆಯೊಂದಕ್ಕೆ ಮೊನ್ನೆ ಚಹಾಕ್ಕೆಂದು ಹೋಗಿದ್ದೆವು. ಬಾಗಿಲ ಹಿಂದಿನ ಮೊಳೆಯಲ್ಲಿ ಕರಿ ಕೋಟು ತೂಗುತ್ತಿತ್ತು. ಮನೆಮಗಳು ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿ ಏಳು ತಿಂಗಳಾಗಿದೆ. ಅಷ್ಟರಲ್ಲಿ ಬಂಟ್ವಾಳದಿಂದ ಅಜ್ಜಿಯ ಫೋನ್. "ಸಂಬಳ ಎಷ್ಟು ಕೊಡ್ತಾರೆ ಮಗಳೇ?" ಹುಡುಗಿ ನಕ್ಕು ಮಾತು ಬದಲಿಸಿದಳು. ಬಸ್ ಖರ್ಚಿಗೆ ಸಾಕಾಗುವಷ್ಟು ಎಂದು ಆಮೇಲೆ ನಮಗೆ ಹೇಳಿದಳು.

ಓದಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಪಕ್ಕದ ನಾಗರಬಾವಿಯಲ್ಲೇ ನ್ಯಾಷನಲ್ ಲಾ ಸ್ಕೂಲ್ ಇದೆ. ಅಲ್ಲಿನ ಐದು ವರ್ಷದ ಕೋರ್ಸಿಗೆ ಕ್ಲಾಟ್ ಪರೀಕ್ಷೆ ಬರೆಯಬೇಕು. ಅದು ಆಗದಿದ್ದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಬೇಕಾದಷ್ಟಿವೆ. ಪಿಯುಸಿ ಮುಗಿಸಿದವರಿಗೆ ಐದು ವರ್ಷ, ಡಿಗ್ರಿ ಆದವರಿಗೆ ಮೂರು ವರ್ಷ. ಎನ್‌ರೋಲ್‌ಮೆಂಟ್ ಖರ್ಚೂ ಈಗ ಹಿಂದಿನಂತಿಲ್ಲ. ಅಡ್ವೊಕೇಟ್ಸ್ ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ ಹೆಚ್ಚು ಎನ್‌ರೋಲ್‌ಮೆಂಟ್ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಬಾರ್ ಪರೀಕ್ಷೆ ಒಂದಿದೆ, ಅದನ್ನು ಪಾಸು ಮಾಡಬೇಕು.

ಕಷ್ಟ ಶುರುವಾಗುವುದು ಅದರ ನಂತರ. ನಮ್ಮವರ ಲೆಕ್ಕ ಯಾವಾಗಲೂ ವ್ಯಾಪಾರದ್ದು. ಬೆಳಿಗ್ಗೆ ಕೋರ್ಟಿಗೆ ಹೋಗಲಿ, ಸಂಜೆ ಅಂಗಡಿಯ ಗಲ್ಲಾದಲ್ಲಿ ಕೂರಲಿ ಅಂತ ಎಷ್ಟೋ ತಂದೆಯರು ಅಂದುಕೊಂಡಿರುತ್ತಾರೆ. ಅದು ನಡೆಯುವುದಿಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಖುದ್ದಾಗಿ ವ್ಯಾಪಾರ ನಡೆಸುವಂತಿಲ್ಲ, ಪ್ರಾಕ್ಟೀಸ್ ಮಾಡುತ್ತಾ ಪೂರ್ಣಕಾಲಿಕ ಸಂಬಳದ ಕೆಲಸದಲ್ಲೂ ಇರುವಂತಿಲ್ಲ. ವೃತ್ತಿಯ ಘನತೆಗೆ ಕುಂದಿಲ್ಲದ ವ್ಯಾಪಾರವಾದರೆ, ನೋಡಿಕೊಳ್ಳುವ ಹೊಣೆಯಿಲ್ಲದ ಪಾಲುದಾರನಾಗಿ ಇರಬಹುದು ಅಷ್ಟೆ. ಮಗನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿಟ್ಟವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಜೂನಿಯರ್ ಹೊಟ್ಟೆಗೆ ಏನು? ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಕೊಡುವ ಹಿರಿಯರೂ ಇದ್ದಾರೆ, "ಕೆಲಸ ಕಲಿಸುವುದೇ ಸಂಬಳ" ಎನ್ನುವವರೂ ಇದ್ದಾರೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಲ್ಲಿ ಕಾನೂನು ಪದವೀಧರರಿಗೆ ತರಬೇತಿ ಭತ್ತೆಯ ಯೋಜನೆಯೊಂದಿದೆ. ನಮ್ಮ ಎಷ್ಟು ಮನೆಗಳಿಗೆ ಇದು ಗೊತ್ತು? ಪ್ರಕಟಣೆ ಬಂದಾಗ ಜಮಾಅತಿನ ಬೋರ್ಡಿಗೆ ಅಂಟಿಸಿದರೆ ಸಾಕಿತ್ತು.

ಹೆಣ್ಣುಮಕ್ಕಳ ವಿಷಯ ಇನ್ನೂ ಬಿಗಿ. ಪಾಸಾದ ಕೂಡಲೇ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆದರೆ ಆಯಿತು, ಚೇಂಬರು ಸುತ್ತುವುದು ಬೇಡ ಎಂಬ ದಾರಿ ಮೊದಲು ಇತ್ತು. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಮುಚ್ಚಿತು. ಇನ್ನು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು. ಆ ಮೂರು ವರ್ಷ ಬರುವುದು ಸರಿಯಾಗಿ ಮದುವೆಯ ಮಾತು ಜೋರಾಗುವ ಹೊತ್ತಿಗೆ. ಮಹ್ರ್, ಜೀವನಾಂಶ, ಮಕ್ಕಳ ಪಾಲನೆಯ ಕೇಸು ಹಿಡಿದು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ನಮ್ಮ ಹೆಂಗಸರು ಕಷ್ಟ ಹೇಳಿಕೊಳ್ಳಲು ಒಬ್ಬ ವಕೀಲೆ ಸಿಗಲಿ ಎಂದು ಬಯಸುತ್ತಾರೆ. ಆದರೆ ಅವಳನ್ನು ತಯಾರು ಮಾಡಲು ಮನೆಯವರಿಗೆ ಪುರುಸೊತ್ತಿಲ್ಲ.

ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಹುಟ್ಟಿದ ಎಸ್. ಅಬ್ದುಲ್ ನಝೀರ್ ಮಂಗಳೂರಿನಲ್ಲಿ ಕಾನೂನು ಓದಿ, 1983ರಲ್ಲಿ ವಕೀಲರಾಗಿ, ಹೈಕೋರ್ಟ್ ನ್ಯಾಯಾಧೀಶರಾದದ್ದು 2003ರಲ್ಲಿ. ನಡುವೆ ಇಪ್ಪತ್ತು ವರ್ಷ. 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ನಾವೆಲ್ಲ ಫೋಟೊ ಹಂಚಿ ಸಂಭ್ರಮಿಸಿದ್ದೆವು. ಆ ಇಪ್ಪತ್ತು ವರ್ಷದ ಬಗ್ಗೆ ಆಗ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನಾವು ಹೊರಡುವಾಗ ಹುಡುಗಿಯ ಬಾಪನನ್ನು ಕೇಳಿದೆವು. ಅವರದು ಪುಟ್ಟ ಚಪ್ಪಲಿ ಅಂಗಡಿ. "ಮೂರು ವರ್ಷ ನಾನು ಹಣ ಕೇಳುವುದಿಲ್ಲ, ಅವಳ ಉಮ್ಮ ಮದುವೆ ಸುದ್ದಿ ಎತ್ತುವುದಿಲ್ಲ. ಹಾಗೆ ಮಾತಾಗಿದೆ" ಎಂದರು. ಒಳಗಿನಿಂದ ಉಮ್ಮ, "ನಾನು ಎರಡು ವರ್ಷ ಅಂದಿದ್ದು" ಎಂದು ಕೂಗಿದರು. ಮಗಳು ಆಗಲೇ ಮರುದಿನದ ಫೈಲು ಬಿಚ್ಚಿ ಕೂತಿದ್ದಳು. ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಸಿಟಿ ಸಿವಿಲ್ ಕೋರ್ಟಿನಲ್ಲಿ ಸೀನಿಯರ್ ಬರುವ ಮೊದಲೇ ಅವಳು ಇರಬೇಕು.